ಗಂಜಿಯತ್ತೆಯ ಕೊಡುಗೈ

ನಮ್ಮತ್ತೆಗೆ ‘ಗಂಜಿಯತ್ತೆ’ ಎಂಬ ಹೆಸರು ಅಂಟಿದ್ದು ಆಸ್ಪತ್ರೆಯ ಬಟ್ಟೆಮನೆಯಲ್ಲಿ. ದೊಡ್ಡಾಸ್ಪತ್ರೆಯ ನೆಲಮಾಳಿಗೆ ಅದು. ಮೇಲಿನ ವಾರ್ಡುಗಳಿಂದ ರಕ್ತ, ಔಷಧಿ, ಬೆವರು ಮೆತ್ತಿಕೊಂಡು ಇಳಿದು ಬರುವ ಹಾಸು ಹೊದಿಕೆಗಳೆಲ್ಲ ಅಲ್ಲಿ ಒಗೆಸಿಕೊಂಡು, ಒಣಗಿ, ಮಡಿಕೆಯಾಗಿ ಮತ್ತೆ ಮೇಲೆ ಹೋಗುತ್ತಿದ್ದವು. ಡಾಕ್ಟರುಗಳ ಬಿಳಿ ಕೋಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವುದು ಅತ್ತೆಯ ಪಾಲಿಗೆ ಬಂದ ಕೆಲಸ. ಅವಳು ಗಂಜಿ ಹಾಕಿದ ಕೋಟು ಒಳಗೆ ಡಾಕ್ಟರಿಲ್ಲದಿದ್ದರೂ ತಾನೇ ನಿಂತುಕೊಳ್ಳುತ್ತದೆ ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಬರಬರುತ್ತ ಆ ಮಾತು ಕೋಟನ್ನು ಬಿಟ್ಟು ಅವಳ ಬೆನ್ನುಮೂಳೆಯನ್ನು ಹಿಡಿದುಕೊಂಡಿತು. ಒಂದು ವಿಷಯದಲ್ಲಿ ಸೆಟೆದು ನಿಂತಳೆಂದರೆ ಜಪ್ಪಯ್ಯ ಅಂದರೂ ಬಗ್ಗುವವಳಲ್ಲ.

ಅವಳು ನನ್ನಪ್ಪನ ಅಕ್ಕ. ನಾವು ಕೆಳಗಿನ ಎರಡು ಕೋಣೆಗಳಲ್ಲಿದ್ದೆವು, ಅವಳು ಮೆಟ್ಟಿಲ ಮೇಲಿನ ಒಂಟಿ ಕೋಣೆಯಲ್ಲಿ. ಅಪ್ಪ ಬೀಗ ರಿಪೇರಿ ಮಾಡುವವನು. ಅವನ ಬಾಯಿಗೂ ಒಂದು ಬೀಗವಿದೆ, ಅದರ ಕೀಲಿಕೈ ಮಾತ್ರ ಅಕ್ಕನ ಹತ್ತಿರ ಇದೆ ಎಂದು ಅಮ್ಮ ಹೇಳುತ್ತಿದ್ದಳು. ಅತ್ತೆ ಎಲ್ಲಾದರೂ ಏನಾದರೂ ಎಡವಟ್ಟು ಮಾಡಿಕೊಂಡು ಬಂದ ದಿನವೇ ಅಪ್ಪ ಬಾಯಿ ಬಿಡುತ್ತಿದ್ದದ್ದು.

ಮಾವ, ಎಂದರೆ ಅತ್ತೆಯ ಗಂಡ, ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದ. ಒಂದು ದಿನ ನಿಂತಿದ್ದ ಅಟ್ಟಣೆಯ ಹಲಗೆ ಜಾರಿ ಕೆಳಗೆ ಬಿದ್ದ. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಗ ನಾನಿನ್ನೂ ಚಿಕ್ಕವಳು. ಅತ್ತೆಗೆ ಕೆಲಸವಿರಲಿಲ್ಲ, ಅಪ್ಪನ ಅಂಗಡಿ ಆಗಷ್ಟೇ ಕಣ್ಣು ಬಿಡುತ್ತಿತ್ತು. ನಮ್ಮ ಚರ್ಚಿನಲ್ಲಿ ಕಷ್ಟದಲ್ಲಿರುವವರಿಗೆ ನೆರವಾಗಲು ‘ಕರುಣಾ ಸಮಿತಿ’ ಎಂಬುದೊಂದಿತ್ತು. ಅವರು ದಿನಸಿ ಕೊಟ್ಟರು, ಔಷಧಿ ಕೊಟ್ಟರು, ಅದರಲ್ಲಿ ಎರಡು ಮಾತಿಲ್ಲ. ವರ್ಷದ ಕೊನೆಯಲ್ಲಿ ಕೃತಜ್ಞತೆಯ ಆರಾಧನೆ ನಡೆಯುವಾಗ ನೆರವು ಪಡೆದವರು ಸಭೆಯ ಮುಂದೆ ನಿಂತು ಸಾಕ್ಷಿ ಹೇಳುವ ಪದ್ಧತಿ. ಅತ್ತೆಯನ್ನೂ ಕರೆದರು. ಮಾವನನ್ನು ಕುರ್ಚಿಯ ಸಮೇತ ಹೊತ್ತು ತಂದು ಮುಂದೆ ಕೂರಿಸಿದರು. ಸಮಿತಿಯವರು ಹೇಳಿಕೊಟ್ಟ ಮಾತುಗಳನ್ನು ಅತ್ತೆ ಹೇಳಿದಳು. ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ತಟ್ಟಿದರು.

ಮನೆಗೆ ಬಂದ ಮೇಲೆ ಮಾವ ಗೋಡೆಯ ಕಡೆ ಹೊರಳಿ ಮಲಗಿದ. ಅತ್ತೆ ಏನಾಯಿತೆಂದು ಕೇಳಿದ್ದಕ್ಕೆ, “ಇವತ್ತು ನನ್ನನ್ನ ಎಲ್ಲರಿಗೂ ತೋರಿಸಿಬಿಟ್ಟೆ,” ಎಂದ. ಅಷ್ಟೇ. ಮುಂದಿನ ಸಲ ಸಮಿತಿಯವರು ಚೀಲ ಹಿಡಿದು ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತು, ಇಷ್ಟು ದಿನ ಮಾಡಿದ್ದಕ್ಕೆ ದೇವರು ಒಳ್ಳೇದು ಮಾಡಲಿ, ಇನ್ನು ಸಾಕು ಎಂದು ಕೈ ಮುಗಿದು ಕಳಿಸಿದಳು. ಅದೇ ವಾರ ಆಸ್ಪತ್ರೆಯ ನೆಲಮಾಳಿಗೆಯ ಕೆಲಸ ಹುಡುಕಿಕೊಂಡಳು. ಮಾವ ಆಮೇಲೆ ಹೆಚ್ಚು ಕಾಲ ಉಳಿಯಲಿಲ್ಲ.

ಚರ್ಚನ್ನು ಮಾತ್ರ ಅವಳು ಬಿಡಲಿಲ್ಲ. ಬಲಿಪೀಠದ ಬಟ್ಟೆ, ಗಾಯನ ತಂಡದ ನಿಲುವಂಗಿ ಎಲ್ಲವನ್ನೂ ಮನೆಗೆ ತಂದು, ಒಗೆದು, ಗಂಜಿ ಹಾಕಿ ಪುಕ್ಕಟೆ ಕೊಡುತ್ತಿದ್ದಳು. ಅಷ್ಟು ನೋವಾದ ಮೇಲೂ ಅಲ್ಲಿಗೇ ಯಾಕೆ ಹೋಗುತ್ತೀಯ ಎಂದು ಅಮ್ಮ ಕೇಳಿದ್ದಕ್ಕೆ, “ಅದೇನು ಸಮಿತಿಯವರ ಅಪ್ಪನ ಮನೆಯಾ? ನಾನ್ಯಾಕೆ ಬಿಡಲಿ?” ಎಂದಿದ್ದಳು.

ಹೀಗೇ ವರ್ಷಗಳು ಕಳೆದವು. ನಾನು ಓದು ಮುಗಿಸಿ, ಕೆಲಸಕ್ಕೆ ಸೇರಿ, ಗಾಯನ ತಂಡದಲ್ಲಿ ಹಾಡುವಷ್ಟು ದೊಡ್ಡವಳಾದೆ. ಚರ್ಚಿಗೆ ಹೊಸ ಪಾದ್ರಿ ಬಂದರು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ಸಮಿತಿಯಲ್ಲಿ ಬರೀ ಉಳ್ಳವರೇ ಇದ್ದರೆ ಹೇಗೆ, ದುಡಿಯುವ ಹೆಂಗಸೊಬ್ಬಳು ಇರಲಿ ಎಂದು ಅತ್ತೆಯನ್ನು ಸೇರಿಸಿದರು.

ಸಮಿತಿಯನ್ನು ನಡೆಸುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು; ಎಲ್ಲರೂ ‘ಮ್ಯಾನೇಜರು’ ಎಂದೇ ಕರೆಯುತ್ತಿದ್ದರು. ಮೆದು ಮಾತಿನ ಮನುಷ್ಯ. ಎಂಥ ಕಟು ಪ್ರಶ್ನೆಯನ್ನೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೇಳುತ್ತಿದ್ದರು. ಬಿಸಿಲು ಮಳೆ ನೋಡದೆ ಸ್ವಂತ ಖರ್ಚಿನಲ್ಲಿ ಬಡವರ ಮನೆಗಳಿಗೆ ಅಲೆಯುತ್ತಿದ್ದರು ಎಂಬುದನ್ನೂ ಹೇಳಬೇಕು. ಇನ್ನೊಬ್ಬರು ‘ದೊಡ್ಡ ಟೀಚರ್’. ಶಾಲೆಯ ಮುಖ್ಯಸ್ಥೆಯಾಗಿದ್ದವರು, ಸಭೆಯಲ್ಲಿ ಕೂತ ಅರ್ಧದಷ್ಟು ಜನರ ಕಿವಿ ಹಿಂಡಿದವರು. ಇವರಿಬ್ಬರೂ ಮಾಡಿಟ್ಟ ನಿಯಮಗಳು ಸರಳವಾಗಿದ್ದವು. ಯಾರ ಕೈಗೂ ನಗದು ಕೊಡಬಾರದು. ಕೇಳಿದವರ ಮನೆಗೆ ಹೋಗಿ ನೋಡಬೇಕು. ಕುಡಿತ ಇದೆಯೇ, ಆರಾಧನೆಗೆ ಬರುತ್ತಾರೆಯೇ, ದುಂದು ಮಾಡುತ್ತಾರೆಯೇ ಎಂದು ವಿಚಾರಿಸಬೇಕು. ಎಲ್ಲ ಸರಿ ಕಂಡರೆ ಅಂಗಡಿಯವನಿಗೋ ಮನೆ ಮಾಲೀಕನಿಗೋ ನೇರವಾಗಿ ಕೊಡಬೇಕು.

ಅತ್ತೆ ಮೊದಲ ಸಲ ಅವರ ಜೊತೆ ಹೋದದ್ದು ಟೈರ್ ಅಂಗಡಿಯ ಹಿಂದಿನ ಒಂದು ಕೋಣೆಗೆ. ಕಬ್ಬಿಣದ ಮೆಟ್ಟಿಲು ಹತ್ತಬೇಕು. ರಬ್ಬರಿನ ವಾಸನೆ ಮೇಲಿನವರೆಗೂ ಹಿಂದೆಯೇ ಬರುತ್ತಿತ್ತಂತೆ. ಅಲ್ಲಿದ್ದವಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಹೆಂಗಸು. ಗಂಡ ಹೇಳದೆ ಕೇಳದೆ ಹೋಗಿದ್ದ. ಇಬ್ಬರು ಹೆಣ್ಣುಮಕ್ಕಳು. ಬಾಡಿಗೆ ಕಟ್ಟಲಾಗದೆ ಸಮಿತಿಯ ಮೊರೆ ಹೋಗಿದ್ದಳು. ಕೋಣೆಯಲ್ಲಿ ಒಂದು ಮಂಚ, ಒಂದು ಒಲೆ, ಅಡ್ಡ ಕಟ್ಟಿದ ಹಗ್ಗದ ಮೇಲೆ ಬಟ್ಟೆ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಜಾಡಿ. ಅದರೊಳಗೆ ಬೀಸಣಿಗೆಯಂಥ ಬಾಲ ಬೀಸಿಕೊಂಡು ಒಂದು ಕೆಂಪು ಮೀನು.

ದೊಡ್ಡ ಟೀಚರ್ ಕಣ್ಣು ನೆಟ್ಟದ್ದು ಅದರ ಮೇಲೆ.

“ಇದನ್ನ ಯಾವಾಗ ತಂದ್ರಿ?”

“ಮೊನ್ನೆ, ಚಿಕ್ಕವಳ ಹುಟ್ಟಿದ ದಿನ ಇತ್ತು.”

“ಬಾಡಿಗೆಗೆ ಇಲ್ಲ ಅಂದ್ರಲ್ಲ.”

ಆ ಹೆಂಗಸು ತಲೆ ತಗ್ಗಿಸಿದಳು. ಮ್ಯಾನೇಜರು ಗಂಟಲು ಸರಿ ಮಾಡಿಕೊಂಡು, “ತಪ್ಪು ತಿಳ್ಕೋಬೇಡಮ್ಮ. ಕೊಡೋರು ನಾಳೆ ನಮ್ಮನ್ನೇ ಕೇಳ್ತಾರೆ. ಈ ಮೀನಿಗೆ ತಿನ್ನೋಕೆ ಎಲ್ಲಿಂದ ತರ್ತೀರಿ?” ಎಂದರು.

ಅದಕ್ಕೆ ಉತ್ತರ ಕೊಟ್ಟದ್ದು ಮಂಚದ ಮೇಲೆ ಕೂತಿದ್ದ ಚಿಕ್ಕ ಮಗು. “ಅದು ಜಾಸ್ತಿ ತಿನ್ನಲ್ಲ. ನನ್ನ ಬ್ರೆಡ್ಡಲ್ಲೇ ಕೊಡ್ತೀನಿ,” ಎಂದಿತು.

ಮ್ಯಾನೇಜರು, ಮುಂದಿನ ತಿಂಗಳು ನೋಡೋಣ, ಅಷ್ಟರೊಳಗೆ ನೀವೂ ಸ್ವಲ್ಪ ಹಿಡಿತ ಮಾಡಿ ಎಂದು ಎದ್ದರು. ಅತ್ತೆ ಏಳಲಿಲ್ಲ. ಅವತ್ತು ಅವಳಿಗೆ ಸಂಬಳ ಆಗಿತ್ತು. ಲಕೋಟೆ ಇನ್ನೂ ಒಡೆದಿರಲಿಲ್ಲ. ಅದನ್ನು ಕೈಚೀಲದಿಂದ ತೆಗೆದು, ಒಳಗೂ ಇಣುಕದೆ, ಆ ಹೆಂಗಸಿನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. “ಬಾಡಿಗೆ ಕಟ್ಟು. ಉಳಿದದ್ದು ನಿನ್ನಿಷ್ಟ,” ಎಂದಳು. ಮಗುವಿನ ಕಡೆ ತಿರುಗಿ, “ಮೀನಿಗೂ ಏನಾದ್ರೂ ತಂದ್ಕೊಡು,” ಎಂದಳು.

ಕಬ್ಬಿಣದ ಮೆಟ್ಟಿಲ ಅರ್ಧದಲ್ಲೇ ಜಗಳ ಶುರುವಾಯಿತು.

“ಏನಮ್ಮ ಇದು? ನಾವಿಬ್ಬರೂ ಅಲ್ಲಿ ನಿಂತಿರೋವಾಗಲೇ?” ಎಂದರು ದೊಡ್ಡ ಟೀಚರ್.

“ಕೊಟ್ಟಿದ್ದು ನನ್ನ ದುಡ್ಡು.”

“ದುಡ್ಡು ನಿಮ್ಮದೇ. ಆದ್ರೆ ನೀವು ಬಂದಿದ್ದು ಸಮಿತಿ ಪರವಾಗಿ,” ಎಂದರು ಮ್ಯಾನೇಜರು.

“ಹಾಗಾದ್ರೆ ನೀವು ಸಮಿತಿ ಪರವಾಗಿ ಇಳೀರಿ. ನಾನು ನನ್ನ ಪರವಾಗಿ ಇಳೀತೀನಿ.”

ಆ ದಿನ ಅಪ್ಪನ ಬೀಗ ತೆರೆಯಿತು. “ತಿಂಗಳು ಪೂರ್ತಿ ಏನು ತಿಂತೀಯ?” ಎಂದು ಕೇಳಿದ. “ನಿನ್ನ ಮನೇಲಿ ತಿಂತೀನಿ,” ಎಂದಳು ಅತ್ತೆ. ಹಾಗೆಯೇ ಮಾಡಿದಳು ಕೂಡ. ಕೊಟ್ಟಿದ್ದು ಅತ್ತಿಗೆ, ಬಡಿಸಿದ್ದು ನಾನು, ಆಶೀರ್ವಾದದಲ್ಲಿ ಅರ್ಧ ನಮ್ಮ ಒಲೆಗೂ ಬರಬೇಕು ಎಂದು ಅಮ್ಮ ಊಟ ಹಾಕುವಾಗಲೆಲ್ಲ ನೆನಪಿಸುತ್ತಿದ್ದಳು.

ಸಮಿತಿ ಸಭೆ ಸೇರಿದ್ದು ಪಾದ್ರಿಗಳು ನಿಲುವಂಗಿ ತೊಡುವ ಕೋಣೆಯಲ್ಲಿ. ಪಕ್ಕದ ಕೋಣೆಯಲ್ಲಿ ನಮ್ಮ ಹಾಡಿನ ಅಭ್ಯಾಸ. ನಡುವಿನ ಗೋಡೆ ಬರೀ ಹಲಗೆಯದು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು. ಆ ಕಡೆಯ ಮಾತು ಸ್ವರ ತಪ್ಪದೆ ಕೇಳುತ್ತಿತ್ತು.

ಮ್ಯಾನೇಜರು ಮಾತಾಡುತ್ತಿದ್ದರು. “ನಾನು ಕಲ್ಲು ಹೃದಯದವನು ಅಂತ ನೀವು ತಿಳ್ಕೊಂಡಿದ್ದೀರಿ. ನನಗೊಬ್ಬ ತಮ್ಮ ಇದ್ದ. ಬಂದು ಕೇಳ್ತಿದ್ದ, ಕೊಡ್ತಿದ್ದೆ. ಹಲ್ಲು ನೋವು ಅಂತಿದ್ದ, ಕೊಡ್ತಿದ್ದೆ. ಹೊಸ ಕೆಲಸಕ್ಕೆ ಶೂ ಬೇಕು ಅಂತಿದ್ದ, ಕೊಡ್ತಿದ್ದೆ. ಎಲ್ಲಾ ಕುಡಿದ. ಕೊನೆಗೆ ಹಳದಿ ಕಣ್ಣು ಮಾಡ್ಕೊಂಡು ನನ್ನ ಮುಂದೇನೇ ಹೋದ. ಅವನ್ನ ಕೊಂದಿದ್ದು ಕುಡಿತ ಅಲ್ಲ, ನನ್ನ ಕೈ. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಈ ನಿಯಮ ಮಾಡಿದ್ದು.”

ಆಮೇಲೆ ಅತ್ತೆಯ ದನಿ ಕೇಳಿತು, ಮೊದಲಿಗಿಂತ ತಗ್ಗಿತ್ತು.

“ನಿಮ್ಮ ತಮ್ಮನ ವಿಷಯ ನನಗೆ ಗೊತ್ತಿರಲಿಲ್ಲ. ಕೇಳಿ ಸಂಕಟ ಆಯ್ತು. ಆದ್ರೆ ಅವತ್ತಿನ ಹೆದರಿಕೆಗೆ ಇವತ್ತು ಆ ಮಗೂನ ಮೀನಿನ ಊಟ ವಿಚಾರಿಸ್ತಾ ಇದ್ದೀರಲ್ಲ. ಆ ಮಗು ನಿಮ್ಮ ತಮ್ಮ ಅಲ್ಲ.”

ಪಾದ್ರಿಗಳು ನಡುವೆ ಬಂದು, ಕೊಡುವುದೂ ದೇವರ ಚಿತ್ತ, ವಿವೇಚನೆಯಿಂದ ಕೊಡುವುದೂ ದೇವರ ಚಿತ್ತ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಅತ್ತೆ ಅದನ್ನು ಅಲ್ಲಿ ಉರಿಯಲು ಬಿಡಲಿಲ್ಲ.

“ಯೇಸು ವಾಸಿ ಮಾಡಿದ ಜನ ಎಲ್ಲರೂ ತಿರುಗಿ ಬಂದು ಥ್ಯಾಂಕ್ಸ್ ಹೇಳಿದ್ರಾ ಅಯ್ಯನವರೇ? ಕಣ್ಣು ಕೊಡೋಕೆ ಮುಂಚೆ, ಕಣ್ಣು ಬಂದ್ಮೇಲೆ ಏನೇನು ನೋಡ್ತೀಯ ಅಂತ ಅವನು ಯಾರನ್ನಾದ್ರೂ ಕೇಳಿದ್ನಾ?”

“ನಾವು ಯೇಸು ಅಲ್ಲ,” ಎಂದರು ದೊಡ್ಡ ಟೀಚರ್.

“ಅದು ನನಗೂ ಕಾಣ್ತಾ ಇದೆ ಟೀಚರ್.”

ನಮ್ಮ ಕೋಣೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಆ ಕಡೆ, ನೀವಾಗಿಯೇ ರಾಜೀನಾಮೆ ಕೊಟ್ಟರೆ ಮರ್ಯಾದೆ ಎಂದು ದೊಡ್ಡ ಟೀಚರ್ ಹೇಳಿದ್ದು ಕೇಳಿತು. “ನಾನಾಗಿ ಬಿಡಲ್ಲ. ಬೇಕಾದ್ರೆ ತೆಗೀರಿ. ತೆಗೆದಿದ್ದು ಯಾಕೆ ಅಂತ ಭಾನುವಾರ ಎಲ್ಲರ ಮುಂದೆ ಹೇಳಿ,” ಎಂದು ಅತ್ತೆ ಹೊರಗೆ ನಡೆದಳು. ಅವರು ತೆಗೆದರು. ಯಾಕೆಂದು ಯಾರಿಗೂ ಹೇಳಲಿಲ್ಲ.

ಆದರೆ ಆ ದಿನದ ಮಾತು ಮ್ಯಾನೇಜರ ಒಳಗೆ ಎಲ್ಲೋ ಕೊರೆದಿರಬೇಕು. ಒಂದೆರಡು ತಿಂಗಳಾದ ಮೇಲೆ ಗುಂಡಿ ಹೊಲಿಯುವ ಹೆಂಗಸಿನ ಬಾಡಿಗೆಯನ್ನು ಸಮಿತಿಯೇ ಕಟ್ಟಲು ಒಪ್ಪಿತು. ಅವಳು ಸಂತೋಷದಿಂದ ಬಂದು ಅತ್ತೆಗೆ ಹೇಳಿ ಹೋದಳು. ವರ್ಷದ ಕೊನೆ ಹತ್ತಿರ ಬಂದಾಗ ಮತ್ತೆ ಬಂದಳು. ಈ ಸಲ ಮುಖ ಇಳಿದುಹೋಗಿತ್ತು.

“ಮುಂದೆ ನಿಂತು ಸಾಕ್ಷಿ ಹೇಳ್ಬೇಕಂತೆ ಅತ್ತೆ. ಮಕ್ಕಳನ್ನೂ ನಿಲ್ಲಿಸ್ಬೇಕಂತೆ. ದೊಡ್ಡವಳು ಬರಲ್ಲ ಅಂತ ಅಳ್ತಾ ಇದ್ದಾಳೆ. ಅವಳ ಕ್ಲಾಸಿನವರೂ ಬರ್ತಾರಲ್ಲ. ಹೋಗ್ದಿದ್ರೆ ಬಾಡಿಗೆ ನಿಲ್ಲಿಸಿಬಿಡ್ತಾರೇನೋ ಅಂತ ನನಗೆ ಭಯ.”

ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ನೀನು ಬಾ. ನಾನೂ ಇರ್ತೀನಲ್ಲ,” ಎಂದಳು. ಏನು ಮಾಡುತ್ತೀಯ ಎಂದು ನಾನು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವಳಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಕೃತಜ್ಞತೆಯ ಆರಾಧನೆಯ ದಿನ ಚರ್ಚು ಕಿಕ್ಕಿರಿದಿತ್ತು. ನಾನು ಗಾಯನ ತಂಡದ ಜೊತೆ ಮುಂದೆ ನಿಂತಿದ್ದೆ, ಆದ್ದರಿಂದ ಎಲ್ಲರ ಮುಖವೂ ಕಾಣುತ್ತಿತ್ತು. ಪಾದ್ರಿಗಳು, ಈ ವರ್ಷ ದೇವರ ಕರುಣೆಯನ್ನು ಕಂಡ ಸಹೋದರಿಯೊಬ್ಬಳು ಈಗ ಸಾಕ್ಷಿ ಹೇಳುತ್ತಾಳೆ ಎಂದರು. ಆ ಹೆಂಗಸು ಎರಡೂ ಮಕ್ಕಳ ಕೈ ಹಿಡಿದು ಎದ್ದಳು. ದೊಡ್ಡ ಹುಡುಗಿ ಕೂದಲನ್ನು ಮುಖದ ಮೇಲೆ ಎಳೆದುಕೊಂಡಿದ್ದಳು.

ಅತ್ತೆ ನಡುವಿನ ಸಾಲಿನಿಂದ ಎದ್ದಳು. “ಕೂತ್ಕೋ ಮಗಳೇ,” ಎಂದಳು. ಗಟ್ಟಿಯಾಗಿಯೇನೂ ಹೇಳಲಿಲ್ಲ, ಆದರೂ ಕೊನೆಯ ಸಾಲಿಗೆ ಮುಟ್ಟಿತು. ಆ ಹೆಂಗಸು ಅಲ್ಲೇ ಕೂತುಬಿಟ್ಟಳು.

“ಅಯ್ಯನವರೇ, ಪಡೆದವರು ನಿಲ್ಲಬೇಕು ಅಂದ್ರೆ ನಾನೂ ಪಡೆದವಳೇ. ನನ್ನ ಗಂಡನ್ನ ಕುರ್ಚಿ ಸಮೇತ ತಂದು ನೀವು ನಿಂತಿರೋ ಜಾಗದಲ್ಲೇ ಕೂರಿಸಿದ್ರು. ಅವತ್ತು ಹೋದವನು ಸಾಯೋತನಕ ಈ ಬಾಗಿಲೊಳಗೆ ಬರೋಕೆ ಒಪ್ಪಲಿಲ್ಲ. ತಿಂದ ಅನ್ನದ ಋಣ ನನಗೆ ನೆನಪಿದೆ. ಅವನ ಮುಖಾನೂ ನೆನಪಿದೆ. ಇಲ್ಲಿ ಇನ್ನೊಬ್ಬರಿಂದ ಏನೂ ಪಡೆಯದೆ ಬದುಕಿದವರು ಯಾರಿದ್ದಾರೆ? ನಿಲ್ಲೋದಾದ್ರೆ ಎಲ್ಲರೂ ನಿಲ್ಲಿ. ಇಲ್ಲ ಅಂದ್ರೆ ಯಾರೂ ಬೇಡ.”

ಪಾದ್ರಿಗಳ ಕಿವಿ ಕೆಂಪಾದವು. ದೊಡ್ಡ ಟೀಚರ್ ಕಿವಿ ಹಿಂಡಲು ಹೊರಟವರಂತೆ ಬೆಂಚಿನ ಅಂಚಿಗೆ ಬಂದರು. ಆಗ ಎದ್ದವನು ಒಬ್ಬನೇ. ನನ್ನಪ್ಪ. ಹಿಂದಿನ ಸಾಲಿನ ಕಂಬದ ಮರೆಯಲ್ಲಿ ಕೂರುವವನು, ಜನರ ಎದುರು ಕೆಮ್ಮಲೂ ಹಿಂಜರಿಯುವವನು, ಎದ್ದು ಟೊಪ್ಪಿಯನ್ನು ಎದೆಗೆ ಒತ್ತಿ ಹಿಡಿದು ನಿಂತ.

ಆಮೇಲೆ ನಡೆದದ್ದನ್ನು ನಮ್ಮ ಸಭೆಯವರು ಈಗಲೂ ಹೇಳಿಕೊಂಡು ನಗುತ್ತಾರೆ. ಆರ್ಗನ್ ನುಡಿಸುವ ತಾತನಿಗೆ ಕಿವಿ ಮಂದ. ‘ಎಲ್ಲರೂ ನಿಲ್ಲಿ’ ಎಂಬುದಷ್ಟೇ ಅವರಿಗೆ ಕೇಳಿಸಿದ್ದು. ಹಾಡಿನ ಹೊತ್ತಾಯಿತೆಂದುಕೊಂಡು ಕೈಯೂರಿ ನುಡಿಸಲು ಶುರು ಮಾಡಿದರು. ಆರ್ಗನ್ ಕೇಳಿದ ಕೂಡಲೇ ಏಳುವುದು ಜನರ ಮೈಗೆ ಒಗ್ಗಿಹೋದ ಅಭ್ಯಾಸ. ಇಡೀ ಸಭೆ ಎದ್ದು ನಿಂತಿತು. ಮ್ಯಾನೇಜರೂ ನಿಂತರು, ದೊಡ್ಡ ಟೀಚರೂ ನಿಂತರು. ಯಾರು ಹಾಡಿಗೆ ಎದ್ದರು, ಯಾರು ಅತ್ತೆಯ ಮಾತಿಗೆ ಎದ್ದರು ಎಂದು ಬೇರ್ಪಡಿಸಲು ಯಾರಿಗೂ ಸಾಧ್ಯವಿರಲಿಲ್ಲ. ನಾವು ಹಾಡಿದೆವು. ಬೇರೇನು ಮಾಡುವುದು?

ಆರ್ಗನ್‌ಗೆ ಮುಂಚೆಯೇ ಯಾಕೆ ಎದ್ದೆ ಎಂದು ಮನೆಯಲ್ಲಿ ಅಪ್ಪನನ್ನು ಕೇಳಿದೆ. “ಕಾಲು ಜೋಮು ಹಿಡಿದಿತ್ತು,” ಎಂದ.

ಬಾಡಿಗೆ ನಿಲ್ಲಲಿಲ್ಲ. ಅದು ಮ್ಯಾನೇಜರ ದೊಡ್ಡತನ. ಮರುವರ್ಷ ಸಮಯದ ಅಭಾವದಿಂದ ಸಾಕ್ಷಿಗಳು ಇರುವುದಿಲ್ಲ ಎಂದು ಪಾದ್ರಿಗಳು ಪ್ರಕಟಿಸಿದರು. ಆಮೇಲೆ ಯಾವ ವರ್ಷವೂ ಸಮಯ ಸಿಗಲಿಲ್ಲ.

ಕೊಡುವ ಜಗಳ ಅಲ್ಲಿಗೆ ಮುಗಿಯಿತೆಂದು ನಾವು ಅಂದುಕೊಂಡಿದ್ದೆವು. ಆದರೆ ಸಮಿತಿ ಚರ್ಚಿನ ಗೇಟಿಗೆ ಒಂದು ಫಲಕ ಹಾಕಿತು: ಬೇಡುವವರಿಗೆ ದಯವಿಟ್ಟು ಹಣ ಕೊಡಬೇಡಿ, ಊಟದ ಚೀಟಿ ಕಚೇರಿಯಲ್ಲಿ ಸಿಗುತ್ತದೆ. ಆ ಫಲಕದ ಕೆಳಗೇ ಕೂರುತ್ತಿದ್ದವನು ಕ್ಯಾಪ್ಟನ್. ಎಲ್ಲಿಯ ಕ್ಯಾಪ್ಟನ್ ಎಂದು ಯಾರಿಗೂ ಗೊತ್ತಿಲ್ಲ. ತಲೆಯ ಮೇಲೆ ಹಡಗಿನವರು ಹಾಕುವಂಥ ಒಂದು ಹಳೇ ಟೊಪ್ಪಿ ಇತ್ತು. ಅವನಿಗೆ ಊಟದ ಚೀಟಿ ಬೇಡ, ಹಣ ಬೇಕು. ಹಣ ಯಾಕೆಂಬುದು ಅವನ ಉಸಿರಿನಲ್ಲೇ ತಿಳಿಯುತ್ತಿತ್ತು.

ಅತ್ತೆ ಪ್ರತಿ ಭಾನುವಾರ, ಎಲ್ಲರೂ ಹೊರಬರುವ ಹೊತ್ತಿಗೆ ಸರಿಯಾಗಿ, ಫಲಕದ ಕೆಳಗೆ ನಿಂತು ಅವನ ಕೈಗೆ ನೋಟು ಕೊಡುತ್ತಿದ್ದಳು. ಮುಚ್ಚಿ ಕೊಡುತ್ತಿರಲಿಲ್ಲ. ಕ್ಯಾಪ್ಟನ್‌ಗೂ ಸುಳ್ಳು ಹೇಳುವ ಗೋಜಿರಲಿಲ್ಲ.

“ಅಮ್ಮಾ, ಇದನ್ನ ಕುಡಿದುಬಿಡ್ತೀನಿ ನಾನು,” ಎಂದ ಒಮ್ಮೆ.

“ಬ್ರೆಡ್ಡೂ ತಗೋ.”

“ತಗೋತೀನಿ ಅಂತ ಹೇಳ್ತೀನಿ. ತಗೊಳ್ಳಲ್ಲ.”

“ನೀನು ನನಗಿಂತ ಒಳ್ಳೆ ಸಾಕ್ಷಿ ಹೇಳ್ತೀಯ,” ಎಂದು ಅತ್ತೆ ನಕ್ಕುಬಿಟ್ಟಳು.

ಚಳಿ ಬಿದ್ದ ಒಂದು ಮಧ್ಯಾಹ್ನ ಮ್ಯಾನೇಜರು ನಮ್ಮ ಮನೆಗೆ ಬಂದರು. ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವ ತನಕ ಬಾಗಿಲ ಚೌಕಟ್ಟು ಹಿಡಿದು ನಿಂತರು. ಕ್ಯಾಪ್ಟನ್ ಬಸ್ ನಿಲ್ದಾಣದ ಬೆಂಚಿನ ಮೇಲೆ ಸತ್ತು ಸಿಕ್ಕಿದ್ದಾನೆ, ಬೇರೆಯವರಿಂದ ನಿಮಗೆ ತಿಳಿಯುವುದು ಬೇಡವೆಂದು ನಾನೇ ಬಂದೆ ಎಂದರು.

“ಬಾಟ್ಲಿ ಇತ್ತಾ?” ಎಂದು ಅತ್ತೆ ಕೇಳಿದಳು.

“ಜೇಬಲ್ಲಿತ್ತು.”

“ನನ್ನ ದುಡ್ಡಿನದೇ ಇರಬಹುದು.”

“ನಾನು ಹಾಗೆ ಹೇಳೋಕೆ ಬರಲಿಲ್ಲಮ್ಮ.”

“ನನಗೆ ಗೊತ್ತು. ನೀವು ಹೇಳ್ಬೇಕಾಗಿಲ್ಲ. ಅದಕ್ಕೆ ನಾನೇ ದೇವರಿಗೆ ಉತ್ತರ ಕೊಡ್ತೀನಿ, ಕೂತ್ಕೊಳ್ಳಿ.”

ಅವರು ಕೂತರು. ಒಬ್ಬ ತಮ್ಮನನ್ನು ಕಳೆದುಕೊಂಡವರು, ಒಬ್ಬ ಕ್ಯಾಪ್ಟನ್‌ನನ್ನು ಕಳೆದುಕೊಂಡವಳು, ಇಬ್ಬರೂ ಇಸ್ತ್ರಿ ಮೇಜಿನ ಎರಡು ಬದಿಯಲ್ಲಿ ಕೂತಿದ್ದರು. ನಾನು ಚಹಾ ತಂದಿಟ್ಟು ಕೆಳಗಿಳಿದೆ.

ಹೂಳುವಾಗ ಪಾದ್ರಿಗಳು ಅವನ ನಿಜವಾದ ಹೆಸರು ಕೇಳಿದರು. ಮ್ಯಾನೇಜರಿಗೆ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಅವನು ಹೋದದ್ದಕ್ಕಿಂತ ಹೆಚ್ಚಾಗಿ ಅದು ಅವಳನ್ನು ಕುಟುಕಿತು. ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಬಟ್ಟೆಮನೆಯಲ್ಲಿ ಕೋಟೊಂದನ್ನು ಸುಟ್ಟಳಂತೆ, ಅದು ಅವಳ ಕೈಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಮುಂದಿನ ಭಾನುವಾರ ಅವಳೇನು ಮಾಡುತ್ತಾಳೆಂದು ನೋಡಲು ಜನ ಅಂಗಳದಲ್ಲಿ ಬೇಕೆಂದೇ ತಡ ಮಾಡುತ್ತಿದ್ದರು. ಕ್ಯಾಪ್ಟನ್ ಕೂರುತ್ತಿದ್ದ ಜಾಗದಲ್ಲಿ ಕಾಲಿಗೆ ಪಟ್ಟಿ ಸುತ್ತಿಕೊಂಡ ಹೆಂಗಸೊಬ್ಬಳು ಬಂದು ಕೂತಿದ್ದಳು. ಅತ್ತೆ ನೆಟ್ಟಗೆ ಅವಳ ಹತ್ತಿರ ಹೋಗಿ ನೋಟು ಕೊಟ್ಟಳು. ಆಮೇಲೆ, ಹಿಂದೆ ಎಂದೂ ಮಾಡದ ಕೆಲಸ, ತಾನೂ ಗೇಟಿನ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತಳು.

“ಇಷ್ಟಾದ್ರೂ ಇನ್ನೂ ಬುದ್ಧಿ ಬರ್ಲಿಲ್ವಾ?” ಎಂದು ದೊಡ್ಡ ಟೀಚರ್ ಕೇಳಿದರು.

“ಬಂತು ಟೀಚರ್. ಇಷ್ಟು ದಿನ ದುಡ್ಡು ಕೊಟ್ಟು ಓಡಿಹೋಗ್ತಿದ್ದೆ. ನೀವು ಚೀಟಿ ಕೊಟ್ಟು ಓಡ್ತಿದ್ರಿ, ನಾನು ನೋಟು ಕೊಟ್ಟು ಓಡ್ತಿದ್ದೆ. ದುಡ್ಡು ನಾನು ಕೊಡೋಳೇ. ಓಡೋದು ಮಾತ್ರ ಬಿಟ್ಟಿದ್ದೀನಿ.” ಹಾಗೆಂದು ಪಕ್ಕದವಳ ಕಡೆ ತಿರುಗಿ ಹೆಸರು ಕೇಳಿದಳು.

ಅತ್ತೆ ಈಗ ಕೆಲಸದಿಂದ ನಿವೃತ್ತಳಾಗಿದ್ದಾಳೆ. ಮಂಡಿ ನೋವು. ಪಿಂಚಣಿ ಬಂದ ವಾರ ಗೇಟಿನ ಬಳಿ ಜನ ಜಾಸ್ತಿ ಇರುತ್ತಾರೆ, ಇದು ಅವಳಿಗೂ ಗೊತ್ತು. ಮೋಸ ಹೋಗಿದ್ದಾಳೆಯೇ ಎಂದರೆ ಹೋಗಿದ್ದಾಳೆ, ನಾನು ಅದನ್ನು ಮುಚ್ಚಿಡುವುದಿಲ್ಲ. ಈ ವರ್ಷವೇ ಒಬ್ಬ ತರುಣ ಬಂದು ತಾಯಿಗೆ ಆಪರೇಷನ್ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅವನ ಕೈಗಡಿಯಾರ ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಅತ್ತೆಯ ತೋಳು ಜಗ್ಗಿದೆ. ಅವಳು ಕೊಟ್ಟಳು. ಕೊಟ್ಟ ಮೇಲೆ, “ನಿಮ್ಮಮ್ಮನ್ನ ನೋಡೋಕೆ ಬರ್ತೀನಿ, ಮನೆ ಎಲ್ಲಿ?” ಎಂದು ಕೇಳಿದಳು. ಅವನು ತಡವರಿಸಿ ಒಂದು ಬೀದಿಯ ಹೆಸರು, ಒಂದು ಬಾಗಿಲ ನಂಬರು ಹೇಳಿ ಕಾಲು ಕಿತ್ತ.

ಎರಡು ದಿನ ಬಿಟ್ಟು ಅತ್ತೆ ಕಿತ್ತಳೆ ಹಣ್ಣು ಕಟ್ಟಿಸಿಕೊಂಡು ಬಸ್ಸು ಹತ್ತಿದಳು. ಸುಳ್ಳು ವಿಳಾಸವೆಂದು ನಾನು ಬಾಯಿ ನೋಯುವಂತೆ ಹೇಳಿದ್ದೆ. ಬೀದಿ ಇತ್ತು, ಆ ನಂಬರಿನ ಬಾಗಿಲೂ ಇತ್ತು. ತಟ್ಟಿದರೆ ಕೋಲೂರಿಕೊಂಡ ಮುದುಕಿಯೊಬ್ಬಳು ಸರಪಳಿ ತೆಗೆಯದೆ ಇಣುಕಿದಳಂತೆ.

“ನಿಮ್ಮ ಮಗ ಹೇಳಿದ, ಆಪರೇಷನ್ ಅಂತೆ,” ಎಂದಳು ಅತ್ತೆ.

“ನನಗೆ ಮಗನೂ ಇಲ್ಲ, ಆಪರೇಷನ್ನೂ ಇಲ್ಲ. ಯಾರ್ರೀ ನೀವು?”

ಅತ್ತೆ ಎಲ್ಲವನ್ನೂ ಹೇಳಿದಳು. ಮುದುಕಿ ಸರಪಳಿಯ ಹಿಂದೆ ನಿಂತೇ ಪೂರ್ತಿ ಕೇಳಿ, “ನಿಮ್ಮಂಥ ದಡ್ಡರು ಇರೋದ್ರಿಂದಲೇ ಇಂಥವರು ಬದುಕ್ತಾರೆ,” ಎಂದಳು. ಆಮೇಲೆ ಬಾಗಿಲು ತೆರೆದಳು. ಆ ಮನೆಗೆ ಪೋಸ್ಟಿನವನನ್ನು ಬಿಟ್ಟು ಯಾರಾದರೂ ಬಂದು ಎಷ್ಟೋ ಕಾಲವಾಗಿತ್ತು.

ಈಗ ಅತ್ತೆ ಪ್ರತಿ ಮಂಗಳವಾರ ಅಲ್ಲಿಗೆ ಹೋಗುತ್ತಾಳೆ. ಮುದುಕಿಗೆ ದುಡ್ಡಿನ ಅಡಚಣೆಯೇನೂ ಇಲ್ಲ. ಅವಳೂ ಚರ್ಚಿಗೆ ಹೋಗುವವಳೇ, ಬೇರೆ ಚರ್ಚು. ಮೈ ಮುರಿದು ದುಡಿಯದವನಿಗೆ ಬಿಡಿಗಾಸೂ ಕೊಡಬಾರದು ಎಂಬ ಪಕ್ಷದವಳು. ಇಬ್ಬರದೂ ಎಣ್ಣೆ ಸೀಗೆಕಾಯಿ. ಹೋದ ವಾರ ಅತ್ತೆಯನ್ನು ಬಿಡಲು ನಾನೂ ಹೋಗಿದ್ದೆ. ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಮುದುಕಿ ಒಳಗಿಂದಲೇ ಕೂಗಿದಳು, “ಏನು, ಈ ವಾರ ಯಾರ ಕೈಲಿ ಟೋಪಿ ಹಾಕಿಸ್ಕೊಂಡ್ರಿ?”

“ಇಬ್ಬರ ಕೈಲಿ,” ಎಂದಳು ಅತ್ತೆ, ಒಳಗೆ ನಡೆಯುತ್ತ. “ಕುರ್ಚಿ ಎಳ್ಕೊಳ್ಳಿ, ಹೇಳ್ತೀನಿ.”